ಪಿಯಾನೊ ಸಾಗಿಸುವವರ ಗಮನಕ್ಕೆ

ಮನೆ ಬದಲಿಸುವಾಗ ಪಿಯಾನೊವನ್ನು ಬೀರು, ಫ್ರಿಜ್‌ಗಳ ಜೊತೆ ಲೋಡ್ ಮಾಡಿಸಬೇಡಿ. ಅಪ್‌ರೈಟ್ (ತಂತಿಗಳು ನೆಟ್ಟಗೆ ನಿಂತಿರುವ, ಗೋಡೆಗೆ ಒರಗಿಸಿಡುವಂಥ) ಪಿಯಾನೊ ಸಾಮಾನ್ಯವಾಗಿ 200–250 ಕೆ.ಜಿ. ತೂಗುತ್ತದೆ. ಎರಕದ ಕಬ್ಬಿಣದ ಚೌಕಟ್ಟು ಹಿಂಬದಿಗಿರುವುದರಿಂದ ವಾಲಿದರೆ ಹಿಂದಕ್ಕೇ ವಾಲುವುದು. ನಾಲ್ಕು ಜನ ಬೇಕೇ ಬೇಕು.

ಲಿಫ್ಟ್ ಮೊದಲೇ ಅಳೆದುಕೊಳ್ಳಿ. ಪಿಯಾನೊ ಸುಮಾರು 150 ಸೆಂ.ಮೀ. ಉದ್ದವಿರುತ್ತದೆ, ಬಾಗಿಲಿನ ಅಗಲವಷ್ಟೇ ನೋಡಿದರೆ ಸಾಲದು, ಒಳಗಿನ ಆಳವೂ ಬೇಕು.

ಕೀಲಿಮಣೆಯ ಮುಚ್ಚಳಕ್ಕೆ ಬೀಗ ಹಾಕಿ, ಕಂಬಳಿ ಸುತ್ತಿ, ಅದರ ಮೇಲೆ ಟೇಪ್ ಹಾಕಿ. ನೇರವಾಗಿ ಮರಕ್ಕೆ ಅಂಟಿಸಿದರೆ ಪಾಲಿಶ್ ಕಿತ್ತು ಬರುತ್ತದೆ. ಕೆಳಗಿನ ಪುಟ್ಟ ಚಕ್ರಗಳು ಬರೀ ಶೋಕಿಗೆ! ಹೊಸ್ತಿಲಿಗೆ ಸಿಕ್ಕಿದರೆ ಮುಂಗಾಲೇ ಮುರಿಯಬಹುದು. ನಾಲ್ಕು ಚಕ್ರದ ಡಾಲಿ (ಭಾರ ಸಾಗಿಸುವ ತಗ್ಗು ತಳ್ಳುಗಾಡಿ) ತರಿಸಿ.

ಬಂದ ದಿನವೇ ಶ್ರುತಿ ಸರಿಪಡಿಸುವ ಟ್ಯೂನರ್ ಕರೆಸಿದರೆ ದುಡ್ಡು ದಂಡ. ಹೊಸ ಮನೆಯ ತೇವಕ್ಕೆ ಸೌಂಡ್‌ಬೋರ್ಡ್ (ನಾದ ಹೆಚ್ಚಿಸುವ ಒಳಗಿನ ಮರದ ಹಲಗೆ) ಹೊಂದಿಕೊಳ್ಳಲು ಎರಡು ಮೂರು ವಾರ ಬಿಡಿ. ಮಳೆನೀರು ಜಿನುಗುವ ಗೋಡೆಗೆ ತಾಗಿಸಿ ಇಡಬೇಡಿ.