ವಿಯೆನ್ನಾದಿಂದ ಬಂದ ಉತ್ತರ

ಪ್ರಿಯ ಕಿರಿಯ ಮಿತ್ರರಿಗೆ,

ನಮಸ್ಕಾರ. 1756ರ ಬೇಸಿಗೆಯಲ್ಲಿ ಪ್ರಷ್ಯಾ ಮತ್ತು ಆಸ್ಟ್ರಿಯಾಗಳ ನಡುವೆ ನಡೆದ ಪತ್ರವ್ಯವಹಾರವನ್ನು ಕುರಿತ ನಿಮ್ಮ ಹಸ್ತಪ್ರತಿಯನ್ನು ಎರಡು ಸಲ ಓದಿದೆ. ನಿಮ್ಮ ಶ್ರಮ ಕಂಡು ಸಂತೋಷವಾಯಿತು. ಆದರೆ ಮೊದಲ ಪುಟದಲ್ಲೇ ನೀವು ‘ಏಳು ವರ್ಷಗಳ ಯುದ್ಧ’ ಎಂದು, ಯುದ್ಧ ಮುಗಿದ ಮೇಲೆ ಬಂದ ಹೆಸರನ್ನು, ಬರೆದುಬಿಟ್ಟಿದ್ದೀರಿ. ಆ ಕಾಗದಗಳನ್ನು ಬರೆದವರಿಗೆ ಯುದ್ಧವೆಂಬುದು ಇನ್ನೂ ಶಂಕೆಯಷ್ಟೇ ಆಗಿತ್ತು; ಓದುಗರಿಗೂ ಅದು ಶಂಕೆಯಾಗಿಯೇ ಉಳಿಯಬೇಕು.

ಜುಲೈ ಕೊನೆಯ ವಾರವನ್ನೇ ನೋಡಿ. ಆಸ್ಟ್ರಿಯಾದ ಸೇನೆ ಸಜ್ಜಾಗುತ್ತಿರುವುದು ತನ್ನ ಮೇಲೆ ಏರಿಬರಲಿಕ್ಕೋ ಎಂದು ಕೇಳುವಂತೆ ಪ್ರಷ್ಯಾದ ದೊರೆ ಫ್ರೆಡರಿಕ್, ಆಸ್ಟ್ರಿಯಾದ ರಾಜಧಾನಿ ವಿಯೆನ್ನಾದಲ್ಲಿದ್ದ ತನ್ನ ರಾಯಭಾರಿ ಕ್ಲಿಂಗ್‌ಗ್ರೇಫೆನ್‌ಗೆ ಆಜ್ಞಾಪಿಸಿದ್ದ. ಆಸ್ಟ್ರಿಯಾದ ರಾಣಿ ಮರಿಯಾ ತೆರೇಸಾ ಮೊದಲೇ ಬರೆದಿಟ್ಟುಕೊಂಡ ಉತ್ತರವನ್ನು ಓದಿದಳು: ಪರಿಸ್ಥಿತಿ ವಿಷಮವಾಗಿರುವುದರಿಂದ ತನ್ನ ಹಾಗೂ ಮಿತ್ರರ ರಕ್ಷಣೆಗೆ ಕ್ರಮ ಕೈಗೊಂಡಿದ್ದೇನೆ, ಯಾರಿಗೂ ಕೇಡು ಬಗೆಯುವ ಉದ್ದೇಶ ಅದಕ್ಕಿಲ್ಲ ಎಂಬುದು ಅದರ ತಾತ್ಪರ್ಯ. ‘ರಾಣಿ ಜಾರಿಕೊಂಡಳು’ ಎಂದು ನೀವು ಇದನ್ನು ಒಂದೇ ಸಾಲಿನಲ್ಲಿ ಮುಗಿಸಿದ್ದೀರಿ. ನಾನಾಗಿದ್ದರೆ ಇಲ್ಲಿ ಎರಡು ಪುಟ ನಿಲ್ಲುತ್ತಿದ್ದೆ. ಮೇ 1ರಂದು ವರ್ಸೇಲ್ಸ್‌ನಲ್ಲಿ ಫ್ರಾನ್ಸಿನೊಡನೆ ಆಗಿದ್ದ ಒಪ್ಪಂದ ರಕ್ಷಣೆಗೆ ಸಂಬಂಧಿಸಿದ್ದು. ಆಸ್ಟ್ರಿಯಾ ದಾಳಿಗೆ ತುತ್ತಾದರೆ ಮಾತ್ರ ಫ್ರಾನ್ಸ್ 24,000 ಸೈನಿಕರ ನೆರವು ಕೊಡಬೇಕಿತ್ತು. ಆದ್ದರಿಂದ ಮೊದಲ ಏಟು ಫ್ರೆಡರಿಕ್‌ನದೇ ಆಗಬೇಕೆಂಬುದು ಆಸ್ಟ್ರಿಯಾದ ಮಂತ್ರಿ ಕೌನಿಟ್ಸ್‌ನ ಲೆಕ್ಕಾಚಾರವಾಗಿತ್ತು. ಭರವಸೆಯನ್ನೂ ಕೊಡದೆ, ಬೆದರಿಕೆಯನ್ನೂ ಹಾಕದೆ ಆ ವಾಕ್ಯವನ್ನು ಎಷ್ಟು ಎಚ್ಚರದಿಂದ ಕಟ್ಟಿದ್ದಾರೆಂಬುದನ್ನು ಪದಪದವಾಗಿ ಬಿಡಿಸಿ ತೋರಿಸಿ.

ಈ ವರ್ಷವಾಗಲಿ ಮುಂದಿನ ವರ್ಷವಾಗಲಿ ತನ್ನ ಮೇಲೆ ದಾಳಿ ಮಾಡುವುದಿಲ್ಲವೆಂಬ ಮಾತು ಬೇಕೆಂದು ಫ್ರೆಡರಿಕ್ ಮತ್ತೆ ಕೇಳಿಸಿದ. ಆ ಮಾತು ಕೊಡದ ಉತ್ತರ ಅವನ ಕೈಸೇರಿದ್ದು ಆಗಸ್ಟ್ 25ರಂದು. 29ರಂದು ಅವನ ಸೇನೆ, ಪ್ರಷ್ಯಾ ಮತ್ತು ಆಸ್ಟ್ರಿಯಾಗಳ ನಡುವಣ ರಾಜ್ಯವಾದ ಸ್ಯಾಕ್ಸನಿಯ ಗಡಿ ದಾಟಿತು. ಈ ದಿನಾಂಕಗಳನ್ನು ಅಲಂಕಾರವಿಲ್ಲದೆ ಹಾಗೆಯೇ ಇಡಿ.

ಇನ್ನೊಂದು ಮಾತು. ಸ್ಯಾಕ್ಸನಿಯ ರಾಜಧಾನಿ ಡ್ರೆಸ್ಡೆನ್‌ನ ಸರ್ಕಾರಿ ಕಚೇರಿಯಲ್ಲಿ ಕುಳಿತು ಗುಪ್ತಪತ್ರಗಳ ನಕಲನ್ನು ವರ್ಷಗಟ್ಟಲೆ ಪ್ರಷ್ಯಾಕ್ಕೆ ಸಾಗಿಸಿದ ಗುಮಾಸ್ತ ಮೆಂಜೆಲ್‌ನನ್ನು ನೀವು ಅಡಿಟಿಪ್ಪಣಿಗೆ ತಳ್ಳಿರುವುದು ನನಗೆ ನಿಜವಾಗಿಯೂ ನೋವು ತಂದಿತು. ಆ ನಗರವನ್ನು ಹಿಡಿದ ಮೇಲೆ ಪ್ರಷ್ಯನ್ನರು ಮೂಲಪತ್ರಗಳನ್ನೇ ವಶಪಡಿಸಿಕೊಂಡು, ತಮ್ಮ ದಾಳಿ ನ್ಯಾಯವೆಂದು ಸಾಧಿಸಲು ಅಚ್ಚುಹಾಕಿಸಿದರು. ಪ್ರಷ್ಯಾದ ಮೇಲೆ ಇತರ ಆಸ್ಥಾನಗಳಿಗಿದ್ದ ಹಗೆ ಅವುಗಳಲ್ಲಿ ಕಾಣುತ್ತದೆ, ನಿಜ. ಆದರೆ ಸ್ಯಾಕ್ಸನಿ ಪ್ರಷ್ಯಾದ ಮೇಲೆ ದಾಳಿ ಮಾಡುವ ಕೂಟಕ್ಕೆ ಸೇರಿ ಸಹಿ ಹಾಕಿತ್ತೆಂಬುದಕ್ಕೆ ಅಲ್ಲಿ ಪುರಾವೆಯಿಲ್ಲ. ಬರೆದದ್ದು ಒಂದು ಉದ್ದೇಶಕ್ಕೆ, ಬಳಕೆಯಾದದ್ದು ಇನ್ನೊಂದಕ್ಕೆ. ಈ ಅಂತರವೇ ನಿಮ್ಮ ಪುಸ್ತಕದ ನಿಜವಾದ ವಸ್ತುವೆಂದು ನನಗೆ ತೋರುತ್ತದೆ. ಮೆಂಜೆಲ್‌ನಿಂದಲೇ ಆರಂಭಿಸಿ ನೋಡಿ. ತಿದ್ದಿದ ಪ್ರತಿಗಾಗಿ ಕಾಯುತ್ತಿರುತ್ತೇನೆ.

ಇತಿ,
ನಿಮ್ಮ ಹಿತೈಷಿ