ಟರ್ಮಿನಲ್ ಪರದೆಗೆ ಲೈಬ್ರರಿ: ಮೊದಲು ‘ಅಮ್ಮತ್ತಿ’ ಬರೆಸಿ ನೋಡಿ

ಮಾನ್ಯ ಸಂಪಾದಕರೇ,

ಕಾಫಿ ತೂಕದ ಲೆಕ್ಕ, ಗೊಬ್ಬರದ ದಾಸ್ತಾನು, ಹೋಂಸ್ಟೇ ಬುಕಿಂಗ್ ಇಂಥವಕ್ಕೆ ಸಣ್ಣ ತಂತ್ರಾಂಶ ಬರೆದುಕೊಡುವ ಕೊಡಗಿನ ವಿದ್ಯಾರ್ಥಿಗಳಿಗೆ ಈ ಪತ್ರ. ಮಳೆಗಾಲದಲ್ಲಿ ನೆಟ್‌ವರ್ಕ್ ಕೈಕೊಡುವ ಊರುಗಳಿಗೆ ಬರೀ ಅಕ್ಷರಗಳ ಟರ್ಮಿನಲ್ ಪರದೆ ಒಳ್ಳೆಯ ಆಯ್ಕೆಯೇ. ಹಳೇ ಕಂಪ್ಯೂಟರಿನಲ್ಲೂ ಓಡುತ್ತದೆ, ಎಸ್‌ಎಸ್‌ಎಚ್ (ದೂರದ ಕಂಪ್ಯೂಟರಿಗೆ ಸುರಕ್ಷಿತ ಸಂಪರ್ಕ) ಮೂಲಕ ಹರಿಯುವ ಡೇಟಾವೂ ಕಡಿಮೆ. ಆದರೆ ಬಣ್ಣಬಣ್ಣದ ಸ್ಕ್ರೀನ್‌ಶಾಟ್ ನೋಡಿ ಲೈಬ್ರರಿ (ಪರದೆ ಕಟ್ಟಲು ಸಿದ್ಧವಾಗಿ ಸಿಗುವ ಕೋಡ್) ಆರಿಸಬೇಡಿ. ಕನ್ನಡವನ್ನು ಅದು ಹೇಗೆ ಅಳೆಯುತ್ತದೆ ಎಂಬುದನ್ನು ಮೊದಲು ನೋಡಿ.

ಟರ್ಮಿನಲ್ ಎಂದರೆ ಒಂದೇ ಅಗಲದ ಮನೆಗಳ ಸಾಲು. ‘ಕಾಫಿ’ ಕಣ್ಣಿಗೆ ಎರಡು ಅಕ್ಷರ. ಎಲ್ಲ ಲಿಪಿಗಳಿಗೂ ಸಂಖ್ಯೆ ಕೊಡುವ ಯೂನಿಕೋಡ್‌ನಲ್ಲಿ 4 ಸಂಕೇತ, ಅವನ್ನು ಉಳಿಸಿಡುವ ಯುಟಿಎಫ್-8 ಕ್ರಮದಲ್ಲಿ 12 ಬೈಟ್. ದೀರ್ಘದ ‘ಾ’ ಚಿಹ್ನೆಗೆ ಕೆಲವು ಲೈಬ್ರರಿಗಳು ಒಂದು ಮನೆ ಕೊಡುತ್ತವೆ, ಕೆಲವು ಸೊನ್ನೆ. ಹೀಗಾಗಿ ಒಂದರ ಲೆಕ್ಕಕ್ಕೆ ‘ಕಾಫಿ’ 3 ಮನೆ, ಇನ್ನೊಂದಕ್ಕೆ 2. ಒತ್ತಕ್ಷರದ ಕಥೆ ಇನ್ನೂ ಕಷ್ಟ. ‘ಅಮ್ಮತ್ತಿ’ ಎಂಬ ಊರಿನ ಹೆಸರಿನಲ್ಲಿ ಕಾಣುವುದು ಮೂರೇ ಅಕ್ಷರ, ಸಂಕೇತವೊಂದೊಂದರ ಅಗಲವನ್ನು ಕೂಡಿಸುವ ಲೆಕ್ಕದಲ್ಲಿ 5 ಮನೆ. ಲೈಬ್ರರಿಯ ಲೆಕ್ಕಕ್ಕೂ ಟರ್ಮಿನಲ್‌ನ ಲೆಕ್ಕಕ್ಕೂ ತಾಳೆಯಾಗದಿದ್ದರೆ ಆ ಸಾಲಿನ ಬಲಗೆರೆ ಪಕ್ಕಕ್ಕೆ ಸರಿಯುತ್ತದೆ, ಕರ್ಸರ್ ತಪ್ಪು ಜಾಗದಲ್ಲಿ ನಿಲ್ಲುತ್ತದೆ, ಅಳಿಸಿದ ಅಕ್ಷರದ ಚೂರು ಪರದೆಯಲ್ಲೇ ಉಳಿಯುತ್ತದೆ.

ಗೆರೆ ಹಾಕಿದ ಮೂರು ಕಾಲಂನ ಪಟ್ಟಿಯಲ್ಲಿ ಇಂಥ ಹೆಸರುಗಳನ್ನು ತುಂಬಿ, ಬ್ಯಾಕ್‌ಸ್ಪೇಸ್‌ನಿಂದ ಒಂದೊಂದಾಗಿ ಅಳಿಸಿ ನೋಡಿ. ಈ ಪರೀಕ್ಷೆ ನಿಮ್ಮ ಲ್ಯಾಪ್‌ಟಾಪ್‌ನಲ್ಲಿ ಅಲ್ಲ, ಕೌಂಟರ್‌ನಲ್ಲಿ ಬಳಸುವ ಟರ್ಮಿನಲ್‌ನಲ್ಲೇ ಆಗಬೇಕು. ಗೆರೆ ಸರಿದರೆ ತೂಕ, ದರದ ಅಂಕಿಗಳನ್ನು ಮೊದಲಿಗಿಟ್ಟು ಕನ್ನಡದ ಹೆಸರನ್ನು ಕೊನೆಯ ಕಾಲಂಗೆ ತಂದು ಬಲಗೆರೆ ಬಿಟ್ಟುಬಿಡಿ.

ಪೈಥಾನ್ ಭಾಷೆ ಬಲ್ಲವರಿಗೆ ಟೆಕ್ಸ್‌ಚುಯಲ್ ಎಂಬ ಲೈಬ್ರರಿ ಸುಲಭ. ಪಟ್ಟಿ, ಬಟನ್, ನಮೂದು ಪೆಟ್ಟಿಗೆ ಸಿದ್ಧವಾಗಿಯೇ ಸಿಗುತ್ತವೆ. ನಿಧಾನದ ಸಂಪರ್ಕವಿದ್ದರೆ ಅದರ ಅನಿಮೇಷನ್ ನಿಲ್ಲಿಸಿ. ಗೋ ಭಾಷೆಯ ಬಬಲ್ ಟೀ, ರಸ್ಟ್‌ನ ರಟಾಟುಯಿ ಬಳಸಿದರೆ ಪೆನ್‌ಡ್ರೈವ್‌ನಲ್ಲಿ ಒಂದೇ ಫೈಲ್ ಒಯ್ದರೆ ಸಾಕು. ಹತ್ತು ಕೌಂಟರ್‌ಗಳಿಗೆ ಹಾಕುವುದಾದರೆ ನಮ್ಮ ಒಲವು ಇವುಗಳ ಕಡೆಗೇ. 2023ರಲ್ಲಿ ಟಿಯುಐ-ಆರ್‌ಎಸ್ ಎಂಬ ಹಳೆಯ ಲೈಬ್ರರಿಯಿಂದ ಕವಲೊಡೆದ ರಟಾಟುಯಿ ಪರದೆ ಬಿಡಿಸುತ್ತದೆಯೇ ಹೊರತು ಕೀಲಿ ಓದುವುದಿಲ್ಲ. ಅದಕ್ಕೆ ಕ್ರಾಸ್‌ಟರ್ಮ್‌ನಂಥ ಜೊತೆಗಾರ ಬೇಕು. ಸಿ ಭಾಷೆಯಲ್ಲಿ ಎನ್‌ಕರ್ಸಸ್ ಹಿಡಿಯುವವರು ಅದರ ವೈಡ್ ಕ್ಯಾರೆಕ್ಟರ್ ಆವೃತ್ತಿಯನ್ನೇ ಜೋಡಿಸಿ, ಪರದೆ ತೆರೆಯುವ ಮುನ್ನವೇ ಲೊಕೇಲ್ (ಭಾಷೆ, ಲಿಪಿಯ ಸೆಟ್ಟಿಂಗ್) ಹೊಂದಿಸಬೇಕು. ಇಲ್ಲವಾದರೆ ಕನ್ನಡ ಚಿಂದಿಯಾಗುತ್ತದೆ. ಎಸ್ಕೇಪ್ ಕೀಲಿಗೆ ಎನ್‌ಕರ್ಸಸ್ ಸುಮ್ಮನೆ 1000 ಮಿಲಿಸೆಕೆಂಡ್ ಕಾಯುತ್ತದೆ, 25ಕ್ಕೆ ಇಳಿಸಿ. ಪೈಥಾನ್ ಜೊತೆ ಬರುವ ಕರ್ಸಸ್ ವಿಂಡೋಸ್‌ನಲ್ಲಿ ಇರುವುದಿಲ್ಲ ಎಂಬುದೂ ನೆನಪಿರಲಿ.

ಪ್ರೋಗ್ರಾಂ ನಡುವೆಯೇ ಕೆಟ್ಟು ನಿಂತರೆ ಟರ್ಮಿನಲ್ ಕಚ್ಚಾ ಸ್ಥಿತಿಯಲ್ಲೇ ಉಳಿದು, ಒತ್ತಿದ ಕೀಲಿ ಪರದೆಗೆ ಬಾರದಿರಬಹುದು. ಕೌಂಟರ್‌ನಲ್ಲಿ ಕೂತವರು ಕಂಪ್ಯೂಟರೇ ಕೆಟ್ಟಿತೆಂದು ಗಾಬರಿಯಾಗುತ್ತಾರೆ. ಲಿನಕ್ಸ್‌ನಲ್ಲಿ ‘ರೀಸೆಟ್’ (reset) ಎಂಬ ಆದೇಶವನ್ನು ಇಂಗ್ಲಿಷಿನಲ್ಲಿ ಕುರುಡಾಗಿ ಟೈಪಿಸಿ ಎಂಟರ್ ಒತ್ತಿದರೆ ಸಾಮಾನ್ಯವಾಗಿ ಪರದೆ ಮರಳುತ್ತದೆ. ಅದನ್ನೊಂದು ಚೀಟಿಯಲ್ಲಿ ಬರೆದು ಮಾನಿಟರ್‌ಗೆ ಅಂಟಿಸಿ ಬನ್ನಿ.

– ತಂತ್ರಾಂಶ ಬರೆಯುವ ಓದುಗರು, ಮಡಿಕೇರಿ