ನಮ್ಮ ಶಾಲೆಯ ಕೈತೋಟವನ್ನ ಬರದಲ್ಲಿ ಉಳಿಸಿದವರಿಗೆ

ಎಲ್ಲರಿಗೂ ನಮಸ್ಕಾರ.

ನಮ್ಮ ಶಾಲೆಯ ಕೈತೋಟ ಬರ ದಾಟಿತು. ಕಳೆದ ವಾರ ಮಕ್ಕಳು ಬೆಳೆದ ದಂಟು, ಅಲಸಂದೆಯಲ್ಲೇ ಇಡೀ ಶಾಲೆಗೆ ಬಸ್ಸಾರು ಆಯಿತು. ಹೊರಗಿನಿಂದ ಒಂದು ಕಟ್ಟು ಸೊಪ್ಪೂ ತರಲಿಲ್ಲ. ಇದನ್ನ ಓದುತ್ತಿರುವವರಲ್ಲಿ ಸುಮಾರು ಜನ ಆ ಸಾರಿಗೆ ಒಂದಲ್ಲ ಒಂದು ರೀತಿ ಕಾರಣರಾದವರೇ. ಸಿಕ್ಕಿದಾಗಲೆಲ್ಲ ಥ್ಯಾಂಕ್ಸ್ ಹೇಳಿದ್ದೇನೆ, ಆದರೆ ಯಾರು ಏನು ಮಾಡಿದಿರಿ ಅನ್ನೋದು ಉಳಿದವರಿಗೂ ಗೊತ್ತಾಗಬೇಕು ಅನಿಸಿತು. ಯಾಕೆಂದರೆ ನಿಮ್ಮಲ್ಲಿ ಹೆಚ್ಚಿನವರು 'ಅಯ್ಯೋ, ನಾನೇನು ಮಾಡಿದೆ ಮೇಡಂ' ಅಂತ ಹೇಳಿ ಹೋಗಿಬಿಡ್ತೀರಿ.

ದೂರದಲ್ಲಿ ಇರುವವರಿಗಾಗಿ ಸ್ವಲ್ಪ ಹೇಳಿಬಿಡುತ್ತೇನೆ. ನಮ್ಮದು ತಿಪಟೂರು ಸೀಮೆಯ ಒಂದು ಸರ್ಕಾರಿ ಹಿರಿಯ ಪ್ರಾಥಮಿಕ ಶಾಲೆ. ಶಾಲೆಗಳಲ್ಲಿ ಪೌಷ್ಟಿಕ ಕೈತೋಟ ಮಾಡಿ ಅಂತ 2019ರಲ್ಲೇ ಕೇಂದ್ರದಿಂದ ಮಾರ್ಗಸೂಚಿ ಬಂದಿತ್ತು, ನಾವು ಶುರು ಮಾಡಿದ್ದು ಕೊರೋನಾ ಮುಗಿದ ಮೇಲೆ. ಚೆನ್ನಾಗಿಯೇ ನಡೆಯುತ್ತಿತ್ತು. 2023ರಲ್ಲಿ ಮುಂಗಾರು ಕೈ ಕೊಟ್ಟಿತು. ರಾಜ್ಯದ 236 ತಾಲ್ಲೂಕುಗಳಲ್ಲಿ 223 ಬರಪೀಡಿತ ಅಂತ ಘೋಷಣೆ ಆಯಿತು. ಬೇಸಿಗೆ ಬರುವ ಮೊದಲೇ ಶಾಲೆಯ ಬೋರ್‌ವೆಲ್ ನಿಂತಿತು. ಕುಡಿಯುವ ನೀರಿಗೇ ಟ್ಯಾಂಕರ್ ಕಾಯುವಾಗ ಬದನೆ ಗಿಡಕ್ಕೆ ಎಲ್ಲಿಂದ ತರೋದು? ಈ ವರ್ಷ ಬಿಟ್ಟುಬಿಡೋಣ ಅಂತ ಕೆಲವರು ಅಂದರು, ಅದರಲ್ಲಿ ತಪ್ಪೇನಿರಲಿಲ್ಲ.

ಆಗ ದಾರಿ ತೋರಿಸಿದ್ದು ಬಿಸಿಯೂಟದ ಅಕ್ಕಂದಿರು. ಮಕ್ಕಳು ತಟ್ಟೆ ತೊಳೆಯುವ ನೀರು ಸುಮ್ನೆ ಚರಂಡಿಗೆ ಹೋಗುತ್ತಿದೆ ಅಲ್ವಾ, ಅದನ್ನ ತಿರುಗಿಸಿ ಅಂದರು. ಅಷ್ಟೇ ಹೇಳಿ ಸುಮ್ಮನಾಗಲಿಲ್ಲ. ಅಕ್ಕಿ ತೊಳೆದ ನೀರು, ಬೇಳೆ ತೊಳೆದ ನೀರು, ತಟ್ಟೆಯ ನೀರು ಒಂದು ಕಡೆ. ಸೋಪಿನ ಪುಡಿ ಹಾಕಿ ಪಾತ್ರೆ ಉಜ್ಜಿದ ನೀರು ಇನ್ನೊಂದು ಕಡೆ. ಮೊದಲನೆಯದು ತರಕಾರಿ ಮಡಿಗೆ, ಎರಡನೆಯದು ತೆಂಗಿನ ಮರಕ್ಕೆ. ತಟ್ಟೆಯಲ್ಲಿ ಅನ್ನ ಉಳಿದಿದ್ದರೆ ಮೊದಲು ಬಕೆಟ್ಟಿಗೆ ಹಾಕಿ ಆಮೇಲೆ ತೊಳೆಯಬೇಕು, ಇಲ್ಲಾಂದ್ರೆ ಕಾಲುವೆಯಲ್ಲಿ ನಿಂತು ನಾರುತ್ತೆ. ಇಷ್ಟನ್ನೂ ಒಂದನೇ ಕ್ಲಾಸಿನ ಮಕ್ಕಳಿಗೂ ಕಲಿಸಿದವರು ಅವರೇ. ನೀರಿನ ಮರುಬಳಕೆ ಅಂತ ನಾನು ಬೋರ್ಡ್ ಮೇಲೆ ಬರೆದಿದ್ದರೆ ಮಕ್ಕಳಿಗೆ ಅದು ಪರೀಕ್ಷೆಯ ಉತ್ತರವಾಗಿ ಉಳಿಯುತ್ತಿತ್ತು.

ಬೇಸಿಗೆ ರಜೆ ಬಂದಾಗ ನನಗೆ ನಿಜಕ್ಕೂ ಭಯ ಇತ್ತು. ಆದರೆ 2024ರಲ್ಲಿ ಬರದ ತಾಲ್ಲೂಕುಗಳಲ್ಲಿ ಏಪ್ರಿಲ್ 11ರಿಂದ ಮೇ 28ರವರೆಗೆ ರಜೆಯಲ್ಲೂ ಬಿಸಿಯೂಟ ಕೊಡಬೇಕು ಅಂತ ಸರ್ಕಾರ ತೀರ್ಮಾನ ಮಾಡಿತು. ಅಡುಗೆಮನೆ ಬಾಗಿಲು ತೆರೆದಿತ್ತು, ಮಕ್ಕಳು ಊಟಕ್ಕೆ ಬಂದರು, ತಟ್ಟೆ ನೀರು ಮಡಿಗೆ ಹರಿಯಿತು. ಹಸಿದ ಮಕ್ಕಳಿಗಾಗಿ ಮಾಡಿದ ಒಂದು ತೀರ್ಮಾನದಿಂದ ನಮ್ಮ ಗಿಡಗಳೂ ಬದುಕಿದವು. ಸುಡು ಬಿಸಿಲಲ್ಲಿ ಒಲೆ ಮುಂದೆ ನಿಂತ ಅಕ್ಕಂದಿರಿಗೆ ಕೈ ಮುಗಿಯುತ್ತೇನೆ. ಅವರಿಗೆ ಸಿಗುವ ಗೌರವಧನ ಮಾಡುವ ಕೆಲಸಕ್ಕೆ ಏನೇನೂ ಸಾಲದು, ಇದನ್ನ ಇಲ್ಲಿ ಹೇಳಲೇಬೇಕು.

ಪಕ್ಕದ ಊರಿನ ಕುಂಬಾರ ಅಣ್ಣನಿಗೆ ದೊಡ್ಡ ನಮಸ್ಕಾರ. ಗಿಡದ ಪಕ್ಕ ಮಡಕೆ ಹೂತು ನೀರು ತುಂಬಿಸಿದರೆ ಅದು ನಿಧಾನಕ್ಕೆ ಜಿನುಗಿ ಬೇರಿಗೆ ಹೋಗುತ್ತೆ ಅಂತ ಎಲ್ಲರಿಗೂ ಕೇಳಿ ಗೊತ್ತು. ಮಕ್ಕಳು ಮನೆಯಿಂದ ಹಳೇ ಮಡಕೆ ತಂದಿದ್ದರು. ಅಣ್ಣ ಅವನ್ನ ನೋಡಿ, ಬಹಳ ವರ್ಷ ನೀರು ಹಾಕಿದ ಮಡಕೆಯ ಸಣ್ಣ ತೂತುಗಳು ಕಟ್ಟಿಕೊಂಡಿರುತ್ತೆ, ಜಿನುಗಲ್ಲ ಅಂದರು. ಒಂದರಲ್ಲಿ ನೀರು ತುಂಬಿ ಮಕ್ಕಳ ಕೈಯಲ್ಲೇ ಹೊರಗೆ ಸವರಿಸಿದರು, ಒಣಗಿಯೇ ಇತ್ತು. ಆಮೇಲೆ ಮಾರಾಟಕ್ಕೆ ಆಗದ, ಸ್ವಲ್ಪ ಓರೆಯಾದ ಹೊಸ ಮಡಕೆಗಳನ್ನ ದುಡ್ಡು ತಗೊಳ್ಳದೆ ಕೊಟ್ಟರು. ಕತ್ತಿನವರೆಗೆ ಹೂತು, ಬಾಯಿಗೆ ತೆಂಗಿನ ಚಿಪ್ಪು ಮುಚ್ಚಿದ್ವಿ. ಮಳೆಗಾಲ ಬಂದ ಮೇಲೆ ಒಂದು ಮಡಕೆಯನ್ನ ಅಗೆದು ತೆಗೆದಾಗ ಸುತ್ತಲೂ ಬದನೆಯ ಬೇರು ಬಲೆಯಂತೆ ಹೆಣೆದುಕೊಂಡಿತ್ತು. ಬೇರು ನೀರಿರುವ ಕಡೆಗೆ ಬೆಳೆಯುತ್ತೆ ಅನ್ನೋದನ್ನ ಆವತ್ತು ಆರನೇ ಕ್ಲಾಸಿನವರಿಗೆ ನಾನು ಬಾಯಿಬಿಟ್ಟು ಹೇಳಬೇಕಾಗಲಿಲ್ಲ.

ಕೊಬ್ಬರಿ ಸುಲಿದ ಮನೆಗಳವರು ಮಟ್ಟೆಯನ್ನ ಒಲೆಗೆ ಇಟ್ಟುಕೊಳ್ಳದೆ ನಮಗೆ ಕೊಟ್ಟಿರಿ. ಕಾಲುವೆ ತೋಡಿ, ಮಟ್ಟೆಯ ಗುಳಿ ಮೇಲೆ ಬರುವಂತೆ ಸಾಲಾಗಿ ಜೋಡಿಸಿ ಮಣ್ಣು ಮುಚ್ಚಿದ್ದಕ್ಕೆ ತೇವ ಎಷ್ಟೋ ದಿನ ನಿಂತಿತು. ಮೇಲಿನ ಹೊದಿಕೆಗೆ ಹೊಂಗೆ ಎಲೆ. ಇನ್ನು ಕುರಿ ಕಾಯುವ ತಾತ. ಗೊಬ್ಬರಕ್ಕೆ ಅಂತ ಹೊಲದಲ್ಲಿ ರಾತ್ರಿ ಕುರಿ ಮಂದೆ ನಿಲ್ಲಿಸಿದರೆ ಹೊಲದವರು ದುಡ್ಡೋ ರಾಗಿಯೋ ಕೊಡುವ ಪದ್ಧತಿ ಇದೆ. ಆದರೆ ರಜೆಯ ಒಂದು ರಾತ್ರಿ ಅವರು ತಾವಾಗಿಯೇ ನಮ್ಮ ಖಾಲಿ ಮಡಿಗಳ ಮೇಲೆ ಮಂದೆ ನಿಲ್ಲಿಸಿ, ಬೆಳಿಗ್ಗೆ ಹೇಳದೆ ಕೇಳದೆ ಹೊರಟುಹೋದರು. ಹಿಕ್ಕೆ ನೋಡಿ ನಮಗೆ ಗೊತ್ತಾಗಿದ್ದು. ತಾತ, ನಿಮ್ಮ ಮೊಮ್ಮಗಳು ಇದನ್ನ ಓದಿ ಹೇಳ್ತಾಳೆ ಅಂದುಕೊಂಡಿದ್ದೇನೆ.

ಒಬ್ಬ ತಂದೆ ಶಾಲೆಗೇ ಬಂದು, ಮಕ್ಕಳನ್ನ ಓದೋಕೆ ಕಳಿಸಿದ್ದೇವಾ, ಮಣ್ಣು ಹೊರೋಕಾ ಅಂತ ಜೋರಾಗಿ ಕೇಳಿದ್ದರು. ಅವರಿಗೂ ಈ ಸಾಲಿನಲ್ಲಿ ಜಾಗ ಇದೆ. ಇಂಥ ಕಾರ್ಯಕ್ರಮ ನಡೆಯುವ ಕಡೆಯೆಲ್ಲ ಆ ಪ್ರಶ್ನೆ ಬರಬೇಕು. ಕೂಲಿ ಮಾಡಿ ಬೆನ್ನು ಸೋತವರಿಗೆ ತಮ್ಮ ಮಗು ಗುದ್ದಲಿ ಹಿಡಿದದ್ದು ಕಂಡರೆ ಸಂಕಟ ಆಗೇ ಆಗುತ್ತೆ. ಎಸ್‌ಡಿಎಂಸಿ (ಶಾಲಾಭಿವೃದ್ಧಿ ಸಮಿತಿ) ಸಭೆಯಲ್ಲಿ ಕೂತು ಮಾತಾಡಿ, ಭಾರ ಎತ್ತುವ ಮತ್ತು ಗುಣಿ ತೋಡುವ ಕೆಲಸ ದೊಡ್ಡವರದ್ದು, ತೋಟದಲ್ಲಿ ಕಳೆಯುವ ಪ್ರತಿ ಪೀರಿಯಡ್ಡೂ ಯಾವುದಾದರೂ ಪಾಠಕ್ಕೆ ಸೇರಿರಬೇಕು, ಯಾವ ಮಗುವನ್ನೂ ಶಿಕ್ಷೆಗೆ ಅಂತ ತೋಟಕ್ಕೆ ಕಳಿಸಬಾರದು ಅಂತ ಬರೆದಿಟ್ಟೆವು. ಆಮೇಲೆ ಛಾವಣಿಯ ಪೈಪು ಜೋಡಿಸಿಕೊಟ್ಟವರು ಅದೇ ತಂದೆ.

ಆ ಪೈಪಿನ ಹಿಂದೆ ಒಂದು ಲೆಕ್ಕದ ಕ್ಲಾಸ್ ಇದೆ. ಒಂದು ಚದರ ಮೀಟರ್ ಜಾಗಕ್ಕೆ ಒಂದು ಮಿಲಿಮೀಟರ್ ಮಳೆ ಬಿದ್ದರೆ ಒಂದು ಲೀಟರ್ ನೀರು. ಮಕ್ಕಳು ಟೇಪು ಹಿಡಿದು ಒಂದು ಕೊಠಡಿಯ ಉದ್ದ ಅಗಲ ಅಳೆದರು, ಗುಣಿಸಿದರು. ನೂರು ಚದರ ಮೀಟರ್ ಛಾವಣಿ ಇದ್ದರೆ 10 ಮಿಲಿಮೀಟರ್ ಮಳೆಗೆ 1,000 ಲೀಟರ್! ಚೆಲ್ಲಿದ್ದು, ಆರಿದ್ದು ಕಳೆದರೂ ಎಷ್ಟೋ ಬಿಂದಿಗೆ ಆಗುತ್ತೆ. ಆ ಉತ್ತರ ನೋಡಿ ಹುಡುಗನೊಬ್ಬ, 'ಮೇಡಂ, ಇಷ್ಟು ನೀರನ್ನ ಇಷ್ಟು ವರ್ಷ ನಾವು ಏನು ಮಾಡಿದ್ವಿ?' ಅಂದ. ಆ ಪ್ರಶ್ನೆ ಊರಿಗೆ ತಲುಪಿದ್ದರಿಂದಲೇ ಡ್ರಮ್ಮು ಬಂತು, ಪೈಪು ಬಂತು.

ಮೊದಲ ಮಳೆ ಬಿದ್ದ ಮೇಲೆ ಮಡಿಯಲ್ಲಿ ನಾವು ಬಿತ್ತಿದ್ದಕ್ಕಿಂತ ಬಿತ್ತದೇ ಇದ್ದದ್ದು ಜಾಸ್ತಿ ಹುಟ್ಟಿತು. ಮಕ್ಕಳು ಕಳೆ ಅಂತ ಕೀಳೋಕೆ ಹೊರಟಾಗ ಒಬ್ಬ ಅಜ್ಜಿ ಬೇಲಿ ಆಚೆಯಿಂದಲೇ ಕೂಗಿ ನಿಲ್ಲಿಸಿದರು. ಒಳಗೆ ಬಂದು ಒಂದೊಂದೇ ತೋರಿಸಿದರು. ಇದು ಅಣ್ಣೆ ಸೊಪ್ಪು, ಇದು ಗಣಿಕೆ, ಇದು ಹೊನಗೊನೆ, ಇದು ಗೋಣಿ ಸೊಪ್ಪು. ಎಲ್ಲ ಸೇರಿಸಿದರೆ ಬೆರಕೆ ಸೊಪ್ಪಿನ ಸಾರು. ಯಾವುದನ್ನ ಎಳೆಯದಾಗಿದ್ದಾಗ ಮಾತ್ರ ಕೀಳಬೇಕು, ಯಾವುದನ್ನ ಗುರುತು ಸಿಗದಿದ್ದರೆ ಮುಟ್ಟಲೇಬಾರದು ಅಂತ ಎಲೆ ಮುರಿದು ಮೂಸಿಸಿ ಹೇಳಿದರು. ಬಲಿತು ಹಳದಿಯಾದ ಬದನೆಯನ್ನ ನೀರಲ್ಲಿ ಕಿವುಚಿ, ತಳಕ್ಕೆ ಇಳಿದ ಗಟ್ಟಿ ಬೀಜ ಮಾತ್ರ ನೆರಳಲ್ಲಿ ಒಣಗಿಸಿ ಬೂದಿಯ ಜೊತೆ ಬಟ್ಟೆಯಲ್ಲಿ ಕಟ್ಟಿಡೋದನ್ನೂ ಅವರೇ ಕಲಿಸಿದ್ದು. ಅಜ್ಜಿಗೆ ಸಹಿ ಹಾಕೋಕೆ ಬರಲ್ಲ. ನಮ್ಮ ಶಾಲೆಗೆ ಬಂದು ಹೋದ ಸಂಪನ್ಮೂಲ ವ್ಯಕ್ತಿಗಳಲ್ಲಿ ಅವರಷ್ಟು ಚೆನ್ನಾಗಿ ಪಾಠ ಮಾಡಿದವರನ್ನ ನಾನು ಕಂಡಿಲ್ಲ.

ಇನ್ನು ಮಕ್ಕಳು. ಏಳನೇ ಕ್ಲಾಸಿನ ಹುಡುಗಿಯೊಬ್ಬಳು ಹೀರೆ ಹೂವು ಯಾವಾಗ ಅರಳುತ್ತೆ ಅಂತ ನೋಡಲು ಶಾಲೆ ಬಿಟ್ಟ ಮೇಲೆ ಅಮ್ಮನ ಜೊತೆ ಮತ್ತೆ ಬಂದಳು. ಕುಂಬಳದ ಹೂವು ಬೆಳಗಾಗುವಾಗ ಅರಳಿ ಮಧ್ಯಾಹ್ನದೊಳಗೆ ಮುಚ್ಚುತ್ತೆ, ಹೀರೆಯದ್ದು ಸಂಜೆ, ಸೋರೆಯ ಬಿಳಿ ಹೂವು ಕತ್ತಲಾಗುವ ಹೊತ್ತಿಗೆ. ಅವಳು ಗಂಟೆ ಸಮೇತ ಬರೆದಿಟ್ಟಿದ್ದಾಳೆ. ಕುಂಬಳದ ಪಿಂದೆಗಳು ಹಳದಿಯಾಗಿ ಉದುರುತ್ತಿದ್ದಾಗ ಆ ಪಟ್ಟಿಯೇ ಉಪಯೋಗಕ್ಕೆ ಬಂತು. ಬೆಳಿಗ್ಗೆ ಬೇಗ ಬಂದು ಗಂಡು ಹೂವು ಕಿತ್ತು, ಬುಡದಲ್ಲಿ ಪುಟ್ಟ ಕಾಯಿ ಇರುವ ಹೆಣ್ಣು ಹೂವಿಗೆ ಮುಟ್ಟಿಸಿದರು. ಕಾಯಿ ಕಚ್ಚಿತು. ಅಲಸಂದೆಗೆ ಹೇನು ಹತ್ತಿದಾಗ ಔಷಧಿ ಹೊಡೆಯೋಣ ಅಂದ ದೊಡ್ಡವರನ್ನ ತಡೆದು, 'ಗುಲಗಂಜಿ ಹುಳದ ಮರಿಗಳು ತಿಂತಾ ಇದಾವೆ, ಸ್ವಲ್ಪ ದಿನ ನೋಡೋಣ' ಅಂದಿದ್ದೂ ಮಕ್ಕಳೇ. ಕರಿಬೇವಿನ ಗಿಡದ ಮೇಲೆ ಹಕ್ಕಿ ಹಿಕ್ಕೆಯ ಹಾಗೆ ಕಾಣುವ ಹುಳ ಮುಂದೆ ಹಸಿರಾಗಿ, ಗೂಡಾಗಿ, ಚಿಟ್ಟೆ ಆಗುವವರೆಗೆ ಆ ಒಂದು ಗಿಡದ ಎಲೆಯನ್ನ ಅಡುಗೆಗೂ ಕೀಳಬಾರದು ಅಂತ ಚೀಟಿ ಅಂಟಿಸಿದ್ದರು. ಒಗ್ಗರಣೆಗೆ ಬೇರೆ ಗಿಡ ಹುಡುಕಿಕೊಂಡ ಅಕ್ಕಂದಿರಿಗೆ ಇನ್ನೊಂದು ಸಲ ಥ್ಯಾಂಕ್ಸ್.

ಬೆಂಗಳೂರಿನಿಂದ ಬೇಲಿಗೆ ತಂತಿ ಕಳಿಸಿದ ಹಳೇ ವಿದ್ಯಾರ್ಥಿಗಳಿಗೆ, ಟ್ಯಾಂಕರ್ ಖಾಲಿ ಮಾಡಿದ ಮೇಲೆ ತಳದ ನೀರನ್ನ ಬಾಳೆಗೆ ಬಿಟ್ಟುಹೋಗುತ್ತಿದ್ದ ಡ್ರೈವರಣ್ಣನಿಗೆ, ತಮ್ಮ ಪೀರಿಯಡ್ ಬಿಟ್ಟುಕೊಟ್ಟ ನನ್ನ ಸಹೋದ್ಯೋಗಿಗಳಿಗೆ ತುಂಬಾ ತುಂಬಾ ಧನ್ಯವಾದ. ಯಾರನ್ನಾದರೂ ಬಿಟ್ಟಿದ್ದರೆ ದಯವಿಟ್ಟು ಹೇಳಿ, ಸೇರಿಸುತ್ತೇನೆ.

ಬದನೆ ಸಸಿ ಈ ಸಲ ನಮಗೆ ಬೇಕಾದ್ದಕ್ಕಿಂತ ಹೆಚ್ಚಾಗಿವೆ. ದಸರಾ ರಜೆಯ ಒಳಗೆ ಯಾವ ದಿನ ಬೇಕಾದರೂ ಸಂಜೆ ನಾಲ್ಕರ ಮೇಲೆ ಬಂದು ತಗೊಂಡು ಹೋಗಿ. ಸುತ್ತಿಕೊಡಲು ಹಳೇ ಪೇಪರ್ ಇದ್ದರೆ ತನ್ನಿ. ಬಾಳೆ ಕಂದು ಬೇಕಾದವರು ಮೊದಲೇ ಹೇಳಿ, ಅಗೆದು ಇಟ್ಟಿರುತ್ತೇವೆ.